ಒಂದು ಬಟನ್ ಸೆಲ್, 14 ತಿಂಗಳು: ಎಟಿಟೈನಿ85 ಜೊತೆ ನನ್ನ ಅನುಭವ

ಹೂಕುಂಡದಲ್ಲಿ ಚುಚ್ಚಿಟ್ಟಿರುವ, ಎಟಿಟೈನಿ85 ಅನ್ನುವ ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಇರುವ ನನ್ನ ಪುಟ್ಟ ಬೋರ್ಡಿಗೆ ಮೊನ್ನೆ 14 ತಿಂಗಳು ತುಂಬಿತು. ಒಳಗಿರುವುದು ಮೊದಲ ದಿನ ಹಾಕಿದ ಅದೇ ಸಿಆರ್2032 ಬಟನ್ ಸೆಲ್. ಮಣ್ಣು ಒಣಗಿದರೆ ಈಗಲೂ ಕಿಚ್ ಕಿಚ್ ಅನ್ನುತ್ತದೆ. "ಬಟನ್ ಸೆಲ್ಲಲ್ಲಿ ಮೈಕ್ರೋಕಂಟ್ರೋಲರಾ? ಒಂದು ವಾರ ಬಂದರೆ ಪುಣ್ಯ" ಅಂದಿದ್ದ ಗೆಳೆಯ ಈಗ ಸರ್ಕ್ಯೂಟ್ ಕೊಡು ಅಂತ ಬೆನ್ನು ಬಿದ್ದಿದ್ದಾನೆ. ಅವನಿಗೆ ಫೋನಲ್ಲಿ ಮೂರು ಸಲ ವಿವರಿಸಿ ಸಾಕಾಯಿತು, ಅದಕ್ಕೇ ಬರೆದಿಡುತ್ತಿದ್ದೇನೆ. ಎಲ್ಇಡಿ ಮಿನುಗಿಸುವುದು, ಫ್ಯೂಸ್ (ಚಿಪ್ಪಿನ ಮೂಲ ಸೆಟ್ಟಿಂಗ್) ಬರೆಯುವುದು, ಸೋಲ್ಡರ್ ಮಾಡುವುದು ಎಲ್ಲ ನಿಮಗೆ ಬರುತ್ತದೆ ಅಂದುಕೊಂಡಿದ್ದೇನೆ.

ಶುರು ಮಾಡಿದ್ದು ಆರ್ಡುಯಿನೋ ಊನೋ ಅನ್ನುವ ಮೈಕ್ರೋಕಂಟ್ರೋಲರ್ ಬೋರ್ಡು ಮತ್ತು ಒಂದು 9 ವೋಲ್ಟ್ ಬ್ಯಾಟರಿ ಇಟ್ಟುಕೊಂಡು. ಬೆಳಗ್ಗೆ ಹಾಕಿದ್ದು ರಾತ್ರಿಗೆ ಖಾಲಿ. ಊನೋ ಸುಮ್ನೆ ಕೂತರೂ 45 ಮಿಲಿ ಆಂಪ್ ಹತ್ತಿರ ಎಳೆಯುತ್ತದೆ. ಆ ಬ್ಯಾಟರಿಯಲ್ಲಿ ಇರುವುದೇ 500 ಮಿಲಿ ಆಂಪ್ ಅವರ್. ಭಾಗಿಸಿ ನೋಡುವ ಬುದ್ಧಿ ನನಗೆ ಎರಡನೇ ಬ್ಯಾಟರಿ ಸತ್ತ ಮೇಲೆ ಬಂತು.

ಆಮೇಲೆ ವೈಫೈ ಇರುವ ಇಎಸ್‌ಪಿ8266 ಚಿಪ್. ಗಿಡಕ್ಕೆ ನೀರು ಬೇಕು ಅಂತ ಫೋನಿಗೇ ಮೆಸೇಜ್ ಬರಲಿ ಅನ್ನುವ ಆಸೆ. ಡೀಪ್ ಸ್ಲೀಪಲ್ಲಿ, ಅಂದರೆ ಗಾಢ ನಿದ್ದೆಯಲ್ಲಿ, ಆ ಚಿಪ್ ತಿನ್ನುವುದು 20 ಮೈಕ್ರೋ ಆಂಪ್ (ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ) ಅಷ್ಟೇ, ಅದು ನಿಜ. ಆದರೆ ನನ್ನ ಬೋರ್ಡಿನ ಮೇಲಿದ್ದ ಯುಎಸ್‌ಬಿ ಚಿಪ್ಪು, ವೋಲ್ಟೇಜ್ ಸಮ ಇಡುವ ರೆಗ್ಯುಲೇಟರು ಎರಡಕ್ಕೂ ನಿದ್ದೆ ಅನ್ನುವುದೇ ಇರಲಿಲ್ಲ. ಮೂರು ಎಎ ಸೆಲ್ ಎಂಟೋ ಒಂಬತ್ತೋ ದಿನ ಬಂದವು. ಅಷ್ಟರಲ್ಲಿ ಬ್ಯಾಟರಿಗೆ ಸುರಿದ ದುಡ್ಡಲ್ಲಿ ಇನ್ನೂ ಆರು ಬೋರ್ಡು ಕೊಳ್ಳಬಹುದಿತ್ತು. ಹಾಗೆ ನೋಡಿದರೆ ಗಿಡಕ್ಕೆ ನೀರು ಹಾಕಲು ಒಬ್ಬರನ್ನು ಇಟ್ಟುಕೊಂಡರೂ ಅಷ್ಟೇ ಆಗುತ್ತಿತ್ತೇನೋ.

ಆಗ ಡ್ರಾಯರಲ್ಲಿ ಬಿದ್ದಿದ್ದ ಡಿಜಿಸ್ಪಾರ್ಕ್ ಮಾದರಿಯ (ಯುಎಸ್‌ಬಿಗೆ ನೇರ ಚುಚ್ಚುವ) ಪುಟ್ಟ ಬೋರ್ಡು ನೆನಪಾಯಿತು. ಎಂಟು ಕಾಲಿನ ಎಟಿಟೈನಿ85, 8 ಕೆಬಿ ಫ್ಲ್ಯಾಶ್, 512 ಬೈಟ್ ರ‍್ಯಾಮ್. ನನ್ನ ಕೆಲಸಕ್ಕೆ ಅದೇ ಜಾಸ್ತಿ. ಸ್ಲೀಪ್ ಕೋಡ್ ಹಾಕಿ, ಸೆಲ್ ಜೋಡಿಸಿ, ಮೀಟರ್ ಇಟ್ಟೆ. ಆಗಲೂ ಮಿಲಿ ಆಂಪ್ ಲೆಕ್ಕದಲ್ಲೇ ಹರಿಯುತ್ತಿತ್ತು! ಒಂದು ಇಡೀ ಭಾನುವಾರ ಕೋಡನ್ನು ಬೈದೆ. ಕೋಡಿನದೇನೂ ತಪ್ಪಿರಲಿಲ್ಲ. ಯಜಮಾನ ಮಲಗಿದ್ದ, ಮನೆಗೆ ಬಂದ ನೆಂಟರು ಅಡುಗೆಮನೆ ಖಾಲಿ ಮಾಡುತ್ತಿದ್ದರು.

ನೆಂಟರನ್ನು ಒಬ್ಬೊಬ್ಬರಾಗಿ ಓಡಿಸಿದೆ. ಮೊದಲು ಪವರ್ ಎಲ್ಇಡಿ: ಟ್ರ್ಯಾಕನ್ನು ಬ್ಲೇಡಿನಿಂದ ಕೊಯ್ದೆ. ಆಮೇಲೆ 5 ವೋಲ್ಟ್ ರೆಗ್ಯುಲೇಟರ್. 3 ವೋಲ್ಟ್ ಸೆಲ್ಲಿಗೆ ಅದು ಯಾಕೆ ಬೇಕು, ಕಿತ್ತು ಬಿಸಾಕಿದೆ. ಮೂರನೆಯದು 152 ಅಂತ ಬರೆದಿರುವ ಯುಎಸ್‌ಬಿ ಪುಲ್ ಅಪ್ ರೆಸಿಸ್ಟರ್ (ತಂತಿಯನ್ನು ಹೈ ಕಡೆ ಎಳೆದಿಡುವುದು). ಇಷ್ಟಾದ ಮೇಲೆ 27 ಮೈಕ್ರೋ ಆಂಪಿಗೆ ಇಳಿಯಿತು. ವೋಲ್ಟೇಜ್ ಇಳಿದರೆ ಚಿಪ್ಪನ್ನು ರಿಸೆಟ್ ಮಾಡುವ ಬ್ರೌನ್ ಔಟ್ ಪತ್ತೆಯನ್ನು ಫ್ಯೂಸಲ್ಲಿ ಆಫ್ ಮಾಡಿದೆ. ಅಲ್ಲಿಂದ ಸುಮಾರು 6ಕ್ಕೆ ಬಂತು. ಅದರಲ್ಲಿ ಹೆಚ್ಚಿನ ಪಾಲು 8 ಸೆಕೆಂಡಿಗೊಮ್ಮೆ ಎಬ್ಬಿಸುವ ವಾಚ್‌ಡಾಗ್ ಟೈಮರಿನದು, ಅದನ್ನು ಬಿಡಲಾಗುವುದಿಲ್ಲ. ಮಲಗುವ ಮುಂಚೆ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗ) ಆಫ್ ಮಾಡುವುದನ್ನು ಮರೆತರೆ ಇದರ ಹತ್ತಾರು ಪಟ್ಟು ಸೋರುತ್ತದೆ. ನಾನು ಮರೆತಿದ್ದೆ, ಎರಡು ಸಲ.

ಯುಎಸ್‌ಬಿಯಿಂದ ಕೋಡ್ ತುಂಬಿಸಿಕೊಳ್ಳುವ ಬೂಟ್‌ಲೋಡರನ್ನೂ ಅಳಿಸಿದೆ. ಚಿಪ್ ಪ್ರತಿ ಸಲ ರಿಸೆಟ್ ಆಗಿ ಮೊದಲಿಂದ ಶುರುವಾದಾಗ ಅದು 5 ಸೆಕೆಂಡ್ ಯುಎಸ್‌ಬಿ ದಾರಿ ಕಾಯುತ್ತದೆ, ಅದೂ 16.5 ಮೆಗಾಹರ್ಟ್ಸಲ್ಲಿ. 3 ವೋಲ್ಟಿಗೆ ಆ ವೇಗ ಡೇಟಾಶೀಟ್ ಒಪ್ಪುವಂಥದ್ದಲ್ಲ. ಈಗ ಊನೋವನ್ನೇ ಐಎಸ್‌ಪಿ ಪ್ರೋಗ್ರಾಮರ್ (ಚಿಪ್ಪಿಗೆ ನೇರ ಕೋಡ್ ಬರೆಯುವ ಸಾಧನ) ಮಾಡಿಕೊಂಡು 1 ಮೆಗಾಹರ್ಟ್ಸಲ್ಲಿ ಓಡಿಸುತ್ತಿದ್ದೇನೆ. ಕೆಲಸವಿಲ್ಲದ ಯುಎಸ್‌ಬಿ ಮೂತಿಯನ್ನು ಕಟ್ಟರಿನಿಂದ ಕತ್ತರಿಸಿದೆ. ಬೋರ್ಡು ಇನ್ನೂ ಚಿಕ್ಕದಾಯಿತು.

ಮೀಟರ್ ಬಗ್ಗೆ ಒಂದು ಮಾತು. ಮೈಕ್ರೋ ಆಂಪ್ ರೇಂಜಲ್ಲಿ ಇಟ್ಟಾಗ ಮೀಟರ್ ಒಳಗಿನ ರೆಸಿಸ್ಟರ್ ತಾನೂ ಒಂದಿಷ್ಟು ವೋಲ್ಟೇಜ್ ತಿನ್ನುತ್ತದೆ. ಚಿಪ್ ಮಲಗಿದ್ದಾಗ ಅದು ಲೆಕ್ಕಕ್ಕಿಲ್ಲ. ಎದ್ದು ಎಲ್ಇಡಿ ಹೊತ್ತಿಸಿತೋ, ವೋಲ್ಟೇಜ್ ದಢಕ್ಕನೆ ಬಿದ್ದು ಚಿಪ್ ರಿಸೆಟ್. ಇದು ಗೊತ್ತಾಗದೆ ಸರಿಯಿದ್ದ ಎರಡು ಚಿಪ್ಪನ್ನು ಕೆಟ್ಟಿದೆ ಅಂತ ಪಕ್ಕಕ್ಕಿಟ್ಟಿದ್ದೆ. ಈಗ ಮೀಟರಿಗೆ ಅಡ್ಡಲಾಗಿ ಒಂದು ಸ್ವಿಚ್ ಇಟ್ಟಿದ್ದೇನೆ. ಎದ್ದಿರುವಾಗ ಶಾರ್ಟ್, ಮಲಗಿದ ಮೇಲೆ ತೆಗೆದು ಓದುವುದು.

ಜಾಸ್ತಿ ದುಡ್ಡು ಹೋಗಿದ್ದು ಸೆನ್ಸರಿಗೆ. ಅಗ್ಗದ ಎರಡು ಹಲ್ಲಿನ ಸೆನ್ಸರ್ ಇದೆಯಲ್ಲ, ಸದಾ ಕರೆಂಟ್ ಕೊಟ್ಟರೆ ಕೆಲವೇ ವಾರದಲ್ಲಿ ಒಂದು ಹಲ್ಲಿನ ತಾಮ್ರ ಕರಗಿ ಮಣ್ಣಿಗೆ ಸೇರುತ್ತದೆ. ನಾಲ್ಕು ಕಳೆದುಕೊಂಡೆ. ಹಾಗಂತ ಲೋಹ ಮಣ್ಣಿಗೆ ತಾಗದಂತೆ ಅಳೆಯುವ ಕೆಪ್ಯಾಸಿಟಿವ್ ಸೆನ್ಸರ್ ತರಿಸಿದೆ. ಬಂದದ್ದರಲ್ಲಿ ಕಡಿಮೆ ವೋಲ್ಟೇಜಿನ ಟಿಎಲ್‌ಸಿ555 ಟೈಮರ್ ಚಿಪ್ಪಿನ ಬದಲು ಎನ್‌ಇ555 ಇತ್ತು. ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು. 3 ವೋಲ್ಟಿಗೆ ಅದು ಒಣಮಣ್ಣಿಗೂ ಕೆಸರಿಗೂ ಒಂದೇ ಉತ್ತರ ಕೊಟ್ಟಿತು. ಒಂದು ಸೆನ್ಸರಿಗೆ ಬೋರ್ಡಿನ ಎರಡು ಪಟ್ಟು ಬೆಲೆ, ಮೂರು ತರಿಸಿದ್ದೆ. ಲೆಕ್ಕ ನೀವೇ ಹಾಕಿ.

ಕೊನೆಗೆ ಕೈಹಿಡಿದದ್ದು ಹಳೇ ಸೈಕಲ್ಲಿನ ಎರಡು ಸ್ಟೇನ್‌ಲೆಸ್ ಸ್ಪೋಕ್. ಎರಡನ್ನೂ ನೇರ ಎರಡು ಪಿನ್ನಿಗೆ ಕೊಟ್ಟೆ, ಹೊರಗಿನ ರೆಸಿಸ್ಟರ್ ಇಲ್ಲವೇ ಇಲ್ಲ. ಒಂದು ಪಿನ್ನಿನ ಒಳಗಿನ ಪುಲ್ ಅಪ್ ಆನ್ ಮಾಡಿ, ಇನ್ನೊಂದನ್ನು ಲೋ (0 ವೋಲ್ಟ್) ಮಾಡಿ ಓದುತ್ತೇನೆ. ಕೂಡಲೇ ಅದಲು ಬದಲು ಮಾಡಿ ಅಷ್ಟೇ ಹೊತ್ತು ಇನ್ನೊಮ್ಮೆ. ಕರೆಂಟ್ ಎರಡೂ ಕಡೆ ಸಮವಾಗಿ ಹರಿಯುವುದರಿಂದ ಸವೆತ ಕಾಣುತ್ತಿಲ್ಲ. ಗಂಟೆಗೊಂದು ಸಲ, ಅಂದರೆ 450 ಸಲ ಎದ್ದು ಮಲಗಿದ ಮೇಲೆ ಒಂದು ಓದು. ವಾಚ್‌ಡಾಗ್ ಗಡಿಯಾರ ಅಷ್ಟು ಕರಾರುವಾಕ್ಕಾಗಿ ಓಡುವುದಿಲ್ಲ, ಗಂಟೆ 66 ನಿಮಿಷದ್ದಾದರೂ ಗಿಡಕ್ಕೇನೂ ಬೇಜಾರಿಲ್ಲ. ಸ್ಟೇನ್‌ಲೆಸ್ಸಿಗೆ ಸೋಲ್ಡರ್ ಹಿಡಿಯುವುದಿಲ್ಲ ಅಲ್ವಾ ಅಂತ ಕೇಳುತ್ತೀರಿ. ನಾನು ಹಿಡಿಸಿದ್ದೇನೆ. ಹೇಗೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಶಬ್ದಕ್ಕೆ ಮೊದಲು ಕಪ್ಪು ಡಬ್ಬಿಯ ಆಕ್ಟಿವ್ ಬಜರ್ (ಕರೆಂಟ್ ಕೊಟ್ಟರೆ ತಾನೇ ಕೂಗುವಂಥದ್ದು) ಹಾಕಿದ್ದೆ. ಅದು 25 ಮಿಲಿ ಆಂಪ್ ಕೇಳಿತು. ಬಟನ್ ಸೆಲ್ ಅಷ್ಟು ಕೊಡಲಾಗದೆ ಕುಸಿಯಿತು, ಚಿಪ್ ರಿಸೆಟ್ ಆಯಿತು. ಎದ್ದ ಕೂಡಲೇ ಕೂಗುವಂತೆ ನಾನೇ ಬರೆದಿದ್ದೆ, ಮತ್ತೆ ಕೂಗು, ಮತ್ತೆ ರಿಸೆಟ್. ರಾತ್ರಿಯೆಲ್ಲ ಹೀಗೇ ನಡೆದು ಬೆಳಗ್ಗೆ ಸೆಲ್ ಸತ್ತಿತ್ತು. ಈಗ ಬರೀ ಪೀಜೋ ಬಿಲ್ಲೆ (ವೋಲ್ಟೇಜ್ ಬದಲಾದಂತೆ ಕಂಪಿಸಿ ಸದ್ದು ಮಾಡುವುದು), ಎರಡು ಪಿನ್ನಿನ ನಡುವೆ. ಒಂದು ಹೈ ಆದಾಗ ಇನ್ನೊಂದು ಲೋ, ಆಮೇಲೆ ತಿರುಗಾಮುರುಗಾ. ಸಪ್ಪಳ ಜೋರು, ಖರ್ಚು ಕಡಿಮೆ. ಸೆಲ್ಲಿಗೆ ಆಸರೆಗೆಂದು 100 ಮೈಕ್ರೋ ಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಹಾಕಿದ್ದೆ. ಅದರ ಸೋರಿಕೆಯೇ ಚಿಪ್ ತಿನ್ನುವಷ್ಟು ಇತ್ತು. ತೆಗೆದು ಸಿರಾಮಿಕ್ ಹಾಕಿದೆ.

ರಾತ್ರಿ ಕೂಗಬಾರದು ಅನ್ನುವುದು ಮನೆಯವರ ಕಟ್ಟಪ್ಪಣೆ. ಬೆಳಕು ನೋಡಲು ಇನ್ನೊಂದು ಸೆನ್ಸರ್ ಕೊಳ್ಳುವ ಮನಸ್ಸಿರಲಿಲ್ಲ. ಕೆಂಪು ಎಲ್ಇಡಿಯನ್ನೇ ಉಲ್ಟಾ ಚಾರ್ಜ್ ಮಾಡಿ, ಆ ಪಿನ್ನನ್ನು ಇನ್‌ಪುಟ್ ಮಾಡಿ, ಎಷ್ಟು ಹೊತ್ತಲ್ಲಿ ಇಳಿಯುತ್ತದೆ ಅಂತ ಎಣಿಸಿದೆ. ಬೆಳಕಿದ್ದರೆ ಬೇಗ, ಕತ್ತಲಿದ್ದರೆ ನಿಧಾನ. ಪೂರ್ತಿ ಕತ್ತಲಲ್ಲಿ ಸೆಕೆಂಡುಗಟ್ಟಲೆ ಎದ್ದು ಕಾಯುತ್ತಾ ಕೂತು ಸೆಲ್ ಖಾಲಿ ಮಾಡಿತು. ಈಗ 30 ಮಿಲಿ ಸೆಕೆಂಡಿಗೇ ಎಣಿಕೆ ನಿಲ್ಲಿಸುತ್ತೇನೆ. ನೀಲಿ ಎಲ್ಇಡಿ ಇದಕ್ಕೆ ಆಗಲಿಲ್ಲ. ಪಾರದರ್ಶಕ ಬುರುಡೆಯ ಕೆಂಪಿನದೇ ಚೆನ್ನ.

ಈ ಎಲ್ಇಡಿಗೆ ಪಿನ್ ಸಾಲದೆ ಒಂದು ಹುಚ್ಚು ಕೆಲಸ ಮಾಡಿದ್ದೆ. ರಿಸೆಟ್ ಪಿನ್ನನ್ನೇ ಬಳಸೋಣ ಅಂತ ಫ್ಯೂಸ್ ಬದಲಿಸಿದೆ. ಅಲ್ಲಿಗೆ ಐಎಸ್‌ಪಿ ಬಾಗಿಲು ಮುಚ್ಚಿತು. ರಿಸೆಟ್ ಕಾಲಿಗೆ 12 ವೋಲ್ಟ್ ಕೊಟ್ಟು ಬಾಗಿಲು ತೆರೆಯಲು ಒಂದು ರಾತ್ರಿ ಹಿಡಿಯಿತು. ಆಮೇಲೆ ಹೊಳೆಯಿತು, ಎಲ್ಇಡಿಯ ಒಂದು ಕಾಲನ್ನು ಪೀಜೋ ಪಿನ್ನಿಗೇ ಸೇರಿಸಬಹುದಲ್ಲ! ಅವೆರಡೂ ಒಟ್ಟಿಗೆ ಕೆಲಸ ಮಾಡಬೇಕಾಗೇ ಇಲ್ಲ.

ಬೆಳಕು ನೋಡುವುದು ಕೈಗೆ ಬಂದ ಮೇಲೆ ತಲೆ ಬೇರೆ ಕಡೆ ಓಡಿತು. ಅದೇ ಬೋರ್ಡು, ಸ್ಪೋಕ್ ಇಲ್ಲದೆ, ಫ್ರಿಜ್ ಒಳಗೆ. ಐದು ಸಲ ಸತತವಾಗಿ ಎದ್ದಾಗಲೂ ಬೆಳಕು ಕಂಡರೆ ಬಾಗಿಲು ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತಿನಿಂದ ತೆರೆದಿದೆ ಅಂತ ಅರ್ಥ, ಕೂಗು. ಚಳಿಗೆ ಸೆಲ್ ಸ್ವಲ್ಪ ಸೊರಗಿದಂತಿದೆ, ಆದರೂ 7 ತಿಂಗಳಾಯಿತು. ಇನ್ನೊಂದು ಬೋರ್ಡನ್ನು ಜೀರುಂಡೆ ಮಾಡಿದೆ. ಕತ್ತಲಾದರೆ ಮಾತ್ರ ಆಗೊಮ್ಮೆ ಈಗೊಮ್ಮೆ ಚಿರ್ರ್. ಟಾರ್ಚ್ ಹಿಡಿದು ಹುಡುಕಿದರೆ ಗಪ್ ಚುಪ್. ಮನೆಯವರು ಮೂರು ರಾತ್ರಿ ಕಪಾಟು ಸರಿಸಿ ನೋಡಿದರು. ಸಿಕ್ಕಿಬಿದ್ದ ಮೇಲೆ ಆದ ಸಂಭಾಷಣೆ ಇಲ್ಲಿ ಬೇಡ. ಚಿಪ್ಪಿನ ಒಳಗಿನ ತಾಪಮಾನ ಸೆನ್ಸರಲ್ಲೂ ಆಡಿದೆ. 10 ಡಿಗ್ರಿ ಆಚೀಚೆ ಹೇಳುತ್ತದೆ. ಬಿಟ್ಟೆ.

ಸೆಲ್ ಎಷ್ಟಿದೆ ಅಂತ ನೋಡಲೂ ಹೊರಗೆ ಏನೂ ಬೇಡ. ಒಳಗಿನ 1.1 ವೋಲ್ಟ್ ರೆಫರೆನ್ಸನ್ನು ಸೆಲ್ಲಿನ ವೋಲ್ಟೇಜಿಗೆ ಹೋಲಿಸಿ ಓದಿದರಾಯಿತು. ಎದ್ದ ಕೂಡಲೇ ಬರುವ ಮೊದಲ ಓದನ್ನು ಮಾತ್ರ ನಂಬಬೇಡಿ, ಒಂದೆರಡು ಮಿಲಿ ಸೆಕೆಂಡ್ ತಡೆಯಿರಿ. ನನ್ನದು ಈಗ 2.9 ಹತ್ತಿರ ತೋರಿಸುತ್ತಿದೆ. ಈ ಸೆಲ್ ಬಹಳ ಕಾಲ ಅಲ್ಲೇ ನಿಂತು ಕೊನೆಗೆ ಒಮ್ಮೆಲೇ ಜಾರುವ ಜಾತಿಯದು, ಹಾಗಾಗಿ ಈ ಅಂಕಿ ನೋಡಿ ಬೀಗುವಂತಿಲ್ಲ. 220 ಮಿಲಿ ಆಂಪ್ ಅವರನ್ನು 6 ಮೈಕ್ರೋ ಆಂಪಿನಿಂದ ಭಾಗಿಸಿದರೆ 4 ವರ್ಷ ದಾಟುತ್ತದೆ. ಕೂಗಾಟದ ಖರ್ಚು ಕಳೆದು 3 ಬಂದರೂ ನಾನು ಗೆದ್ದಂತೆ.

ಒಟ್ಟು ಖರ್ಚು ಕೇಳಬೇಡಿ. ಈಗ ಓಡುತ್ತಿರುವುದರಲ್ಲಿ ಇರುವ ಸಾಮಾನಿಗಿಂತ ಕಸದ ಡಬ್ಬಿ ಸೇರಿದ ಸಾಮಾನಿನ ಬೆಲೆ ಎಂಟು ಹತ್ತು ಪಟ್ಟು. ಗೆಳೆಯನಿಗೆ ಮೊನ್ನೆ ಒಂದು ಜೋಡಿಸಿಕೊಟ್ಟೆ. ಒಣ ಅಂದರೆ ಎಷ್ಟು ಒಣ ಅಂತ ಅದು ಮೊದಲ ನಾಲ್ಕು ದಿನದಲ್ಲಿ ತಾನೇ ಕಲಿಯುತ್ತದೆ. ಆ ಭಾಗದ ಕೋಡ್ ಮಾತ್ರ ಅವನಿಗೆ ಕೊಟ್ಟಿಲ್ಲ. ನಿನ್ನೆ ಫೋನ್ ಮಾಡಿದ್ದ, ಗಿಡಕ್ಕೆ ನೀರು ಹಾಕಿದ ಮೇಲೂ ಕೂಗುತ್ತಿದೆಯಂತೆ. ಕೇಳಿದರೆ, ಪಕ್ಕದ ಕುಂಡಕ್ಕೆ ಹಾಕಿದ್ದನಂತೆ.