ಬೇರ್ಪಟ್ಟ ತಂದೆತಾಯಿ ಮತ್ತು ಮಗುವಿನ ಶಾಲೆ: ಇಂಗ್ಲೆಂಡಿನ ವ್ಯವಸ್ಥೆ

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ದಂಪತಿಗಳು ಬೇರೆಯಾದಾಗ, ಊರಿನಿಂದ ಫೋನ್ ಮಾಡುವ ಹಿರಿಯರು ಮೊದಲು ಕೇಳುವುದು ‘ಮಗು ಯಾರ ಸುಪರ್ದಿಗೆ?’ ಎಂದು. ತಂದೆಯನ್ನು ಮೊದಲ ಸಹಜ ಪಾಲಕನೆಂದು ಹೆಸರಿಸುವ 1956ರ ಹಿಂದೂ ಕಾಯ್ದೆಯ ನೆರಳಿನಲ್ಲಿ ಬೆಳೆದವರಿಗೆ ಅದು ಸಹಜವಾದ ಪ್ರಶ್ನೆ. ಇಲ್ಲಿ ಆ ಪ್ರಶ್ನೆಯೇ ಹೊಂದುವುದಿಲ್ಲ. 1989ರ ಮಕ್ಕಳ ಕಾಯ್ದೆ ‘ಪೇರೆಂಟಲ್ ರೆಸ್ಪಾನ್ಸಿಬಿಲಿಟಿ’ ಎಂಬ, ಮಗುವಿನ ಪಾಲನೆ ಮತ್ತು ಮುಖ್ಯ ತೀರ್ಮಾನಗಳ ಹೊಣೆಯ ಬಗ್ಗೆ ಮಾತನಾಡುತ್ತದೆ. ಹೆತ್ತ ತಾಯಿಗೂ ಆಕೆಯನ್ನು ಮದುವೆಯಾದ ತಂದೆಗೂ ಅದು ತಾನಾಗಿಯೇ ಇರುತ್ತದೆ, ವಿಚ್ಛೇದನದಿಂದ ಹೋಗುವುದಿಲ್ಲ. ಮದುವೆಯಾಗದ ತಂದೆಯೂ, 1 ಡಿಸೆಂಬರ್ 2003ರಿಂದೀಚೆಗೆ ಇಲ್ಲಿ ತಾಯಿಯೊಂದಿಗೆ ಜನನ ನೋಂದಣಿ ಮಾಡಿಸಿದ್ದರೆ, ಅದನ್ನು ಪಡೆಯುತ್ತಾನೆ.

ಆದ್ದರಿಂದ ಮಗು ಒಬ್ಬರ ಮನೆಯಲ್ಲೇ ಇದ್ದರೂ ಶಾಲೆಯ ಆಯ್ಕೆ ಇಬ್ಬರದು. ದಿನನಿತ್ಯದ ಸಣ್ಣಪುಟ್ಟ ವಿಷಯಗಳನ್ನು ಜೊತೆಗಿರುವವರೇ ನೋಡಿಕೊಳ್ಳಬಹುದು. ಶಾಲೆ ಬದಲಿಸುವಂಥ ತೀರ್ಮಾನಕ್ಕೆ ಇನ್ನೊಬ್ಬರನ್ನು ಕೇಳಲೇಬೇಕು. ನ್ಯಾಯಾಲಯದ ಆದೇಶ ತಡೆಯದ ಹೊರತು ಶಾಲೆಯೂ ಇಬ್ಬರನ್ನೂ ಪೋಷಕರೆಂದೇ ಕಾಣಬೇಕು. ಆದರೂ ಕಚೇರಿಯ ದಾಖಲೆಯಲ್ಲಿ ಒಂದೇ ವಿಳಾಸವಿದ್ದರೆ ಪತ್ರಗಳೆಲ್ಲ ಅಲ್ಲಿಗೇ ಹೋಗುತ್ತವೆ. ದೂರವಿರುವವರು ತಮ್ಮ ಇಮೇಲ್ ವಿಳಾಸ ಕೊಟ್ಟು, ಪ್ರಗತಿ ವರದಿ ತಮಗೂ ಬೇಕೆಂದು ಲಿಖಿತವಾಗಿ ಕೇಳುವುದು ಒಳ್ಳೆಯದು. ಮುನಿಸಿಕೊಂಡು ಸುಮ್ಮನಿದ್ದರೆ ನಷ್ಟ ಅವರಿಗೇ.

ಹೆಚ್ಚಿನ ಜಗಳಗಳು ಮಾಧ್ಯಮಿಕ ಶಾಲೆಯ ಪ್ರವೇಶದ ಹೊತ್ತಿಗೆ ಏಳುತ್ತವೆ. ಸರಕಾರಿ ಶಾಲೆಗಳಿಗೆ ಅರ್ಜಿಯ ಕೊನೆಯ ದಿನ ಅಕ್ಟೋಬರ್ 31, ಪ್ರಾಥಮಿಕಕ್ಕಾದರೆ ಜನವರಿ 15. ಒಂದು ಮಗುವಿಗೆ ಒಂದೇ ಅರ್ಜಿ. ತಂದೆಯೊಂದು, ತಾಯಿಯೊಂದು ಹಾಕಿದರೆ ಅರ್ಜಿ ಪಡೆಯುವ ಸ್ಥಳೀಯ ಆಡಳಿತವಾದ ಕೌನ್ಸಿಲ್ ಪಂಚಾಯಿತಿ ಮಾಡುವುದಿಲ್ಲ. ನೀವೇ ಒಪ್ಪಂದಕ್ಕೆ ಬನ್ನಿ, ಇಲ್ಲವೇ ಆದೇಶ ತನ್ನಿ ಎನ್ನುತ್ತದೆ. ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸುವ ಸರಕಾರಿ ಶಾಲೆಯಾದ ಗ್ರಾಮರ್ ಸ್ಕೂಲ್ ಬೇಕೇ ಬೇಡವೇ ಎಂಬ ಚರ್ಚೆಯನ್ನು, ನಮ್ಮವರಲ್ಲಿ ಇದು ತಪ್ಪಿದ್ದಲ್ಲ, ಹಿಂದಿನ ವರ್ಷವೇ ಮುಗಿಸಿಕೊಳ್ಳುವುದು ಜಾಣತನ.

ಒಮ್ಮತ ಬಾರದಿದ್ದರೆ ಮೊದಲು ಮಧ್ಯಸ್ಥಿಕೆಯ ಮಾಹಿತಿ ಸಭೆಗೆ ಹೋಗಬೇಕು. ಕೌಟುಂಬಿಕ ದೌರ್ಜನ್ಯದ ಪುರಾವೆಯಿದ್ದವರಿಗೆ ಇದರಿಂದ ವಿನಾಯಿತಿ ಉಂಟು. ಆಮೇಲೆ ನ್ಯಾಯಾಲಯದ ಸಿ100 ಅರ್ಜಿ ನಮೂನೆಯಲ್ಲಿ, ಇದೊಂದೇ ವಿಷಯವನ್ನು ಇತ್ಯರ್ಥಪಡಿಸುವ ‘ಸ್ಪೆಸಿಫಿಕ್ ಇಶ್ಯೂ’ ಆದೇಶವನ್ನೋ, ಶಾಲೆ ಬದಲಾವಣೆಯನ್ನು ತಡೆಯುವ ‘ಪ್ರೊಹಿಬಿಟೆಡ್ ಸ್ಟೆಪ್ಸ್’ ಆದೇಶವನ್ನೋ ಕೋರಬಹುದು. ಶುಲ್ಕ ಯಾರು ಕಟ್ಟುತ್ತಾರೆ, ಯಾರ ಮನೆತನ ದೊಡ್ಡದು ಎಂಬುದರ ಮೇಲೆ ತೀರ್ಪು ನಿಲ್ಲುವುದಿಲ್ಲ. ನ್ಯಾಯಾಧೀಶರಿಗೆ ಮಗುವಿನ ಹಿತವೇ ಪ್ರಧಾನ. ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಮಗುವಿನ ಇಚ್ಛೆಯನ್ನೂ ಅವರು ಗಮನಿಸುತ್ತಾರೆ.

ಮಗುವನ್ನು ಬೆಂಗಳೂರಿನ ಶಾಲೆಗೆ ಸೇರಿಸುವ ಯೋಚನೆಯಿದ್ದವರು ಇನ್ನಷ್ಟು ಎಚ್ಚರ ವಹಿಸಬೇಕು. ಹೊಣೆ ಹೊಂದಿರುವ ಇನ್ನೊಬ್ಬರ ಒಪ್ಪಿಗೆಯಾಗಲಿ ನ್ಯಾಯಾಲಯದ ಅನುಮತಿಯಾಗಲಿ ಇಲ್ಲದೆ ದೇಶ ಬಿಡಿಸುವುದು 1984ರ ಮಕ್ಕಳ ಅಪಹರಣ ಕಾಯ್ದೆಯ ಪ್ರಕಾರ ಅಪಹರಣದ ಅಪರಾಧವಾಗಬಹುದು. ಮಗು ತಮ್ಮೊಡನೆ ವಾಸಿಸಬೇಕೆಂಬ ಆದೇಶ ಹೊಂದಿದವರಿಗೆ ಒಂದು ತಿಂಗಳಿಗಿಂತ ಕಡಿಮೆ ಅವಧಿಯ ಪ್ರವಾಸಕ್ಕಷ್ಟೇ ರಿಯಾಯಿತಿಯಿದೆ, ಅದೂ ಬೇರೆ ಆದೇಶ ಅಡ್ಡಿಯಾಗದಿದ್ದರೆ. ಬೇರೆ ದೇಶಕ್ಕೆ ಅಕ್ರಮವಾಗಿ ಒಯ್ದ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತವು ಸೇರಿಲ್ಲವಾದ್ದರಿಂದ, ರಜೆಗೆ ಊರಿಗೆ ಕರೆದೊಯ್ಯುತ್ತೇನೆಂದರೂ ಎದುರಿನವರು ಹಿಂಜರಿಯುವುದುಂಟು. ಮರಳಿ ಬರುವ ಟಿಕೆಟ್ಟಿನ ಪ್ರತಿಯನ್ನು ಮೊದಲೇ ಕೊಟ್ಟು, ಒಪ್ಪಿಗೆಯನ್ನು ಬರಹದಲ್ಲೇ ಪಡೆದುಕೊಳ್ಳಿ.