ಅಂಗಡಿಯೊಳಗೆ ಹಾಕಿಕೊಳ್ಳುವ ಶೂ

ಶಿವಮೊಗ್ಗದ ಒಂದು ಸೀರೆ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ 19 ವರ್ಷವಾಯಿತು. ಬೆಳಿಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಎಂಟೂವರೆವರೆಗೆ ನಿಂತೇ ಇರಬೇಕು. ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ. ಮದುವೆ ಸೀಸನ್ನಿನಲ್ಲಿ ಅದೂ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಇಷ್ಟು ವರ್ಷ ಕಾಲಿನ ಬಗ್ಗೆ ಯೋಚನೆಯನ್ನೇ ಮಾಡಿದವಳಲ್ಲ.

ನಾಲ್ಕು ವರ್ಷದ ಹಿಂದೆ, ಮಳೆಗಾಲದಲ್ಲಿ ಶುರುವಾಯಿತು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ನೆಲಕ್ಕೆ ಕಾಲಿಟ್ಟರೆ ಬೆರಳುಗಳ ಬುಡದ ಕೆಳಗೆ ಬೆಣಚುಕಲ್ಲು ಸಿಕ್ಕಿಕೊಂಡ ಹಾಗೆ. ನೀರಿನ ಚೊಂಬು ಹಿಡಿಯಲು ಕೈಬೆರಳು ಮಡಚುತ್ತಿರಲಿಲ್ಲ. ಬಿಗಿತ ಬಿಡಲು ಒಂದೊಂದು ದಿನ ಒಂದೂವರೆ ಗಂಟೆ ಹಿಡಿಯುತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಮೈಕೈ ನೋವು ಎಂದರೆ ‘ಥಂಡಿ’ ಅಂದುಬಿಡುತ್ತೇವೆ. ನಾನೂ ಹಾಗೇ ಅಂದುಕೊಂಡು ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು ಮೂರು ತಿಂಗಳು ಕಳೆದೆ. ಆಮೇಲೆ ರಕ್ತಪರೀಕ್ಷೆಯಾಗಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ತಿಳಿಯಿತು. ಹಳಬರು ಆಮವಾತ ಎನ್ನುವುದು ಇದನ್ನೇ. ವಾರಕ್ಕೊಮ್ಮೆ ನುಂಗುವ ಮಾತ್ರೆ ಶುರುವಾಯಿತು, ಕೈ ಬೇಗ ಸುಧಾರಿಸಿತು. ಡಾಕ್ಟರಿಗೆ ತೋರಿಸಿದ್ದೆಲ್ಲ ಕೈ ಮಾತ್ರ. ಕಾಲು ನೋವು ನಿಂತು ಕೆಲಸ ಮಾಡುವವರಿಗೆಲ್ಲ ಇರುವುದೇ ಎಂದು ನಾನೇ ಹೇಳದೆ ಬಿಟ್ಟಿದ್ದೆ. ಈ ಕಾಯಿಲೆ ಇರುವವರು ದಯವಿಟ್ಟು ಆ ತಪ್ಪು ಮಾಡಬೇಡಿ. ಚಪ್ಪಲಿ ಬಿಚ್ಚಿ ಎರಡೂ ಪಾದ ತೋರಿಸಿ. ಕೈಬೆರಳ ಗಂಟುಗಳಂತೆಯೇ ಕಾಲ್ಬೆರಳ ಬುಡದ ಗಂಟುಗಳನ್ನೂ ಇದು ಹಿಡಿಯುತ್ತದೆ.

ನಮ್ಮ ಅಂಗಡಿಯಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಬರುವ ಹಾಗಿಲ್ಲ, ನಾವಂತೂ ಇಲ್ಲವೇ ಇಲ್ಲ. ಮಾಳಿಗೆಯಲ್ಲಿ ರೇಷ್ಮೆ ವಿಭಾಗ. ಅಲ್ಲಿ ಬಿಳಿ ಬಟ್ಟೆ ಹೊದಿಸಿದ ಗಾದಿ. ಕೆಳಗೆ ಗ್ರಾನೈಟ್ ನೆಲ, ಕೌಂಟರು. ಗಾದಿ ಮೆತ್ತಗಿರುವುದರಿಂದ ಅಲ್ಲಿ ಹಾಯಾಗಿರಬಹುದು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ನಿಂತ ಕಾಲಿಗೆ ಗೊತ್ತು ಅದರ ಕಷ್ಟ. ಹೆಜ್ಜೆ ಇಟ್ಟಲ್ಲೆಲ್ಲ ಪಾದ ಒಂದು ಕಡೆಗೆ ವಾಲುತ್ತದೆ, ಬೀಳದಿರಲು ಬೆರಳುಗಳು ಬಿಗಿಹಿಡಿಯುತ್ತವೆ, ಸಂಜೆಯ ಹೊತ್ತಿಗೆ ಹರಡಿನ ಒಳಭಾಗ ಊದಿರುತ್ತದೆ. ಕೂತರೆ ಏಳಲಾಗದು, ನಿಂತರೆ ನಿಲ್ಲಲಾಗದು. ಶೂ ವಿಷಯದಲ್ಲಿ ನಾನು ಮುಂದೆ ಕಲಿತದ್ದಕ್ಕೆಲ್ಲ ಆ ಗಾದಿಯೇ ಮೊದಲ ಪಾಠ. ಮೆತ್ತಗಿರುವುದು ಬೇರೆ, ಆಸರೆ ಕೊಡುವುದು ಬೇರೆ.

ಆದರೆ ಆಗ ಅದು ತಲೆಗೆ ಹೋಗಿರಲಿಲ್ಲ. ಮೊದಲು ಕೊಂಡದ್ದು ಕೈಯಲ್ಲಿ ಒತ್ತಿದರೆ ಬೆರಳು ಹುದುಗುವಷ್ಟು ಮೆತ್ತನೆಯ ಚಪ್ಪಲಿ. ಪಾದ ಊದುತ್ತದಲ್ಲ ಎಂದು ಒಂದು ನಂಬರ್ ದೊಡ್ಡದೇ ತಗೊಂಡೆ. ಒಂದು ವಾರ ಸುಖವಾಗಿತ್ತು. ಎರಡನೇ ವಾರ ಮೀನಖಂಡ ಹಿಡಿದುಕೊಂಡಿತು. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಜಾರಿಹೋಗದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಅದನ್ನು ಹಿಡಿಯಬೇಕು. ನೋಯುವ ಗಂಟುಗಳಿಗೇ ಆ ಕೆಲಸ ಬೀಳುತ್ತದೆ. ಆಮೇಲೆ ಮಗ ಹಾಕುವಂಥ ಹಗುರದ ಬಟ್ಟೆ ಶೂ ತಂದೆ. ಹಿಮ್ಮಡಿ ಸುತ್ತ ಅದಕ್ಕೆ ಗಟ್ಟಿತನವೇ ಇರಲಿಲ್ಲ. ಎರಡಕ್ಕೂ ಸೇರಿ 2,600 ರೂಪಾಯಿ. ನನ್ನ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ.

ದಾರಿ ತೋರಿಸಿದ್ದು ಒಬ್ಬ ಫಿಸಿಯೋಥೆರಪಿಸ್ಟ್, ನನ್ನ ಮಗಳ ವಯಸ್ಸಿನ ಹುಡುಗಿ. ಸಂಜೆ ಆರಕ್ಕೆ ಬರಹೇಳಿದಳು. ನೆಲದ ಮೇಲೆ ಬಿಳಿ ಹಾಳೆ ಇಟ್ಟು, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಲ್ಲಿಸಿ, ಪೆನ್ಸಿಲನ್ನು ನೇರ ಹಿಡಿದು ಪಾದದ ಸುತ್ತ ಗೆರೆ ಎಳೆದಳು. ಆ ಗೆರೆಯ ಮೇಲೆ ನನ್ನ ಶೂ ಇಟ್ಟಾಗ ನನಗೆ ಕಣ್ಣಲ್ಲಿ ನೀರು ಬಂತು. ಶೂ ಪಾದಕ್ಕಿಂತ ಎರಡೂ ಪಕ್ಕದಲ್ಲಿ ಚಿಕ್ಕದಿತ್ತು. ಕಿರುಬೆರಳು ಇರಬೇಕಾದ ಜಾಗವೇ ಆ ಶೂನಲ್ಲಿ ಇರಲಿಲ್ಲ. “ಆಂಟಿ, ನೀವು ದಿನಾ ಇದರೊಳಗೆ ಕಾಲನ್ನ ಮಡಚಿ ಇಟ್ಟಿದ್ದೀರ,” ಅಂದಳು. ಬಲಪಾದ ಎಡದ್ದಕ್ಕಿಂತ 4 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲ. ನಲವತ್ತಾರು ವರ್ಷ ಅದು ನನಗೆ ಗೊತ್ತೇ ಇರಲಿಲ್ಲ.

ನಮ್ಮಲ್ಲಿ ಶೂ ನಂಬರ್ ಹೇಳುವುದು ಉದ್ದವನ್ನು. ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಸುಮಾರು ಎಂಟೂವರೆ ಮಿಲಿಮೀಟರ್ ಅಂತರ. ಉದ್ದ ಅಷ್ಟು ಬೆಳೆದರೂ ಅಗಲ ಬೆಳೆಯುವುದು ತೀರಾ ಅಲ್ಪ. ಹಾಗಾಗಿ ಅಗಲ ಸಾಲದ ಕಾಲಿಗೆ ದೊಡ್ಡ ನಂಬರ್ ಕೊಂಡರೆ ಮುಂದೆ ಖಾಲಿ, ಪಕ್ಕದಲ್ಲಿ ಬಿಗಿ, ಹಿಂದೆ ಸಡಿಲ. ನಾನು ಮಾಡಿದ್ದು ಅದನ್ನೇ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಕೊನೆಯಿಂದ 2022ರ ಮಾರ್ಚ್‌ವರೆಗೆ ದೇಶದ ಬೇರೆ ಬೇರೆ ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರ ಪಾದ ಮುಂಭಾಗದಲ್ಲಿ ಅಗಲ ಎಂದು ಕಂಡುಕೊಂಡು, ‘ಭಾ’ ಎಂಬ ಹೊಸ ಅಳತೆಯನ್ನು ಸೂಚಿಸಿದ್ದಾರೆ. ಅದು ಅಂಗಡಿಗಳಿಗೆಲ್ಲ ಬರುವವರೆಗೆ ನಮಗೆ ಹಾಳೆಯ ಮೇಲಿನ ಗೆರೆಯೇ ಗತಿ.

ಆ ಹಾಳೆಯನ್ನು ಪಾದದ ಆಕಾರಕ್ಕೆ ಕತ್ತರಿಸಿ ಬ್ಯಾಗಿನಲ್ಲಿಟ್ಟುಕೊಂಡು ನೆಹರೂ ರಸ್ತೆಗೆ ಹೋದೆ. ಸಂಜೆಯೇ ಹೋದೆ, ಪಾದ ಊದಿರುವಾಗಲೇ ಅಳತೆ ಸರಿ ಸಿಗುವುದು. ಶೂ ಒಳಗಿನ ಸೋಲನ್ನು ಹೊರಗೆ ತೆಗೆಸಿ, ನನ್ನ ಕಾಗದವನ್ನು ಅದರ ಮೇಲೆ ಇಟ್ಟು ನೋಡುತ್ತಿದ್ದೆ. ಕಾಗದ ಎಲ್ಲಿಯೂ ಹೊರಗೆ ಚಾಚಬಾರದು, ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು. ಸೋಲೇ ತೆಗೆಯಲು ಬಾರದ ಶೂಗಳನ್ನು ಮುಟ್ಟಲೇ ಇಲ್ಲ. ಆಮೇಲೆ ಹಿಮ್ಮಡಿಯ ಹಿಂದಿನ ಗೋಡೆಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡುವುದು. ಚಪ್ಪಟೆಯಾದರೆ ಬೇಡ. ಶೂ ಮುಂದೆ ಹಿಂದೆ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಅದು ಸುಲಭವಾಗಿ ತಿರುಚಿಕೊಳ್ಳಬಾರದು. ಮುಂದಿನಿಂದ ಒತ್ತಿದರೆ ನಡುವೆ ಮಡಚಬಾರದು. ಮಡಚುವುದಾದರೆ ಬೆರಳ ಬುಡ ಇರುವಲ್ಲಿ ಮಾತ್ರ, ಅದೂ ಸ್ವಲ್ಪ. ನನ್ನಂಥವರಿಗೆ ಮುಂಭಾಗದ ಅಟ್ಟೆ ಗಟ್ಟಿಯಾಗಿದ್ದು, ತುದಿ ದೋಣಿಯ ಮೂತಿಯ ಹಾಗೆ ಮೇಲಕ್ಕೆ ಬಾಗಿದ್ದರೆ ಇನ್ನೂ ಒಳ್ಳೆಯದು. ಹೆಜ್ಜೆ ಉರುಳಿಕೊಂಡು ಹೋಗುತ್ತದೆ, ಬೆರಳ ಗಂಟು ಹೆಚ್ಚು ಮಡಚುವ ಕೆಲಸ ತಪ್ಪುತ್ತದೆ. ಲೇಸ್ ಕಟ್ಟಲು ನನ್ನ ಕೈ ಒಪ್ಪುವುದಿಲ್ಲ, ಅದಕ್ಕೆ ಎಳೆದು ಅಂಟಿಸುವ ಎರಡು ಪಟ್ಟಿಯದ್ದೇ ಬೇಕಿತ್ತು. ಕಾಲಿನ ಶೂ ಆರಿಸುವಾಗ ಕೈಯನ್ನೂ ಕೇಳಬೇಕು.

ಹೆಂಗಸರ ವಿಭಾಗದಲ್ಲಿ ನನ್ನ ಕಾಗದ ಒಂದರಲ್ಲೂ ಕೂರಲಿಲ್ಲ. ಗಂಡಸರ ವಿಭಾಗಕ್ಕೆ ಹೋದೆ. ಸೀರೆ ಉಟ್ಟು ಅಲ್ಲಿ ಕೂತು ಕಪ್ಪು ಶೂ ಹಾಕಿ ನೋಡುವಾಗ ಅಕ್ಕಪಕ್ಕದವರು ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ. ಅಂಗಡಿಯ ಹುಡುಗ, “ಅಕ್ಕಾ, ಹಾಕ್ತಾ ಹಾಕ್ತಾ ಲೂಸಾಗತ್ತೆ, ತಗಳಿ,” ಎಂದು ಇನ್ನೊಂದು ಜೊತೆ ತೋರಿಸಿದ. ಸೀರೆಯ ಬಣ್ಣ ಒಗೆದ ಮೇಲೆ ನಿಲ್ಲುತ್ತದೆ ಎಂದು ಹೇಳುವ ಬಾಯಿ ನನ್ನದೂ ಆದ್ದರಿಂದ ಅವನ ಮೇಲೆ ಸಿಟ್ಟು ಬರಲಿಲ್ಲ. ಆದರೆ ಮೊದಲ ದಿನ ಒತ್ತುವ ಶೂ ನೋಯುವ ಗಂಟಿಗೆ ಆಗದು. “ಇಪ್ಪತ್ತು ನಿಮಿಷ ಇದನ್ನು ಹಾಕಿಕೊಂಡು ನಿಂತಿರ್ತೀನಪ್ಪ, ನಡೆಯಲ್ಲ, ಕೊಳೆ ಆಗಲ್ಲ,” ಅಂದೆ. ನಲವತ್ತು ಸೀರೆ ಬಿಚ್ಚಿಸಿ ಏನೂ ಕೊಳ್ಳದೆ ಹೋದವರ ಸೀರೆಗಳನ್ನು ಮಡಚಿಟ್ಟ ನನಗೆ, ಒಬ್ಬ ಗಿರಾಕಿ ಇಪ್ಪತ್ತು ನಿಮಿಷ ಕೇಳಿದರೆ ತಪ್ಪಲ್ಲ ಎಂದು ಗೊತ್ತಿತ್ತು. ಅವನು ಒಪ್ಪಿದ. ಅಂಗಡಿಯ ಮ್ಯಾಟಿನ ಮೇಲೆ ಬೇಡ ಎಂದು ಬರಿಯ ಟೈಲ್ಸ್ ಮೇಲೆ ನಿಂತೆ. ಅಲ್ಲೇ ಎರಡು ಜೊತೆ ಸೋತವು. ಒಂದು ಎಂಟನೇ ನಿಮಿಷಕ್ಕೆ, ಇನ್ನೊಂದು ಹದಿನೈದಕ್ಕೆ. ಮೂರನೆಯದರಲ್ಲಿ ಇಪ್ಪತ್ತಾದ ಮೇಲೂ ನನಗೆ ಕಾಲಿನ ನೆನಪಾಗಲಿಲ್ಲ. ಅದನ್ನೇ ತಂದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಈ ನಿಂತು ನೋಡುವ ಪರೀಕ್ಷೆಯನ್ನು ನಂಬಬಾರದು. ಶೂ ಕಚ್ಚಿದರೂ ಅವರಿಗೆ ತಿಳಿಯುವುದಿಲ್ಲ. ನಮ್ಮಲ್ಲೇ ಕೆಲಸ ಮಾಡುವ ಒಬ್ಬರಿಗೆ ಹಾಗಾಗಿ ಹುಣ್ಣಾಗಿ ಎರಡು ತಿಂಗಳು ಮನೆಯಲ್ಲಿದ್ದರು. ಅಂಥವರು ಕಾಗದದ ಅಳತೆಯನ್ನೇ ನಂಬಬೇಕು. ಹೊಸ ಶೂವನ್ನು ಮೊದಲು ಸ್ವಲ್ಪ ಹೊತ್ತು ಮಾತ್ರ ಹಾಕಿ, ಬಿಚ್ಚಿ, ಅಂಗಾಲು, ಬೆರಳ ಸಂದು ಎಲ್ಲ ಕಣ್ಣಾರೆ ನೋಡಬೇಕು. ಸ್ವಂತಕ್ಕೆ ಬಗ್ಗಲಾಗದಿದ್ದರೆ ಮನೆಯವರಿಂದ ನೋಡಿಸಬೇಕು.

ಬೆರಳ ಬುಡದ ನೋವಿಗೆ ಒಳಸೋಲಿನ ಮೇಲೆ ಅಂಟಿಸುವ ಸಣ್ಣ ದಿಂಬಿನಂಥ ಪ್ಯಾಡ್ ಸಿಗುತ್ತದೆ. ಅದನ್ನು ನೋಯುವ ಜಾಗಕ್ಕೇ ಇಟ್ಟು ಮೂರು ದಿನ ಒದ್ದಾಡಿದೆ. ಇಡಬೇಕಾದದ್ದು ನೋಯುವ ಜಾಗದ ತುಸು ಹಿಂದೆ, ಹಿಮ್ಮಡಿಯ ಕಡೆಗೆ. ಅಲ್ಲಿ ಅದು ಪಾದವನ್ನು ಎತ್ತಿ ಹಿಡಿದರೆ ಮುಂದಿನ ಗಂಟುಗಳ ಮೇಲಿನ ಭಾರ ಇಳಿಯುತ್ತದೆ. ಜಾಗ ಗುರುತಿಸಲು ಆ ಫಿಸಿಯೋ ಹುಡುಗಿ ಲಿಪ್‌ಸ್ಟಿಕ್ ಹಚ್ಚಿಕೊಳ್ಳಿ ಅಂದಳು. ನಾನು ಕುಂಕುಮಕ್ಕೆ ಎರಡು ಹನಿ ಎಣ್ಣೆ ಹಾಕಿ ಕಲಸಿ, ಅಂಗಾಲಿನಲ್ಲಿ ಹೆಚ್ಚು ನೋಯುವ ಎರಡು ಕಡೆ ಬೊಟ್ಟಿಟ್ಟು, ಒಳಸೋಲಿನ ಮೇಲೆ ನಿಂತೆ. ಗುರುತು ಮೂಡಿತು. ಅದರ ಹಿಂದೆ ಪ್ಯಾಡ್ ಅಂಟಿಸಿದೆ. ಬೆಣಚುಕಲ್ಲು ಮಾಯವಾಗಲಿಲ್ಲ, ಆದರೆ ಹೆಸರುಕಾಳಿನಷ್ಟು ಚಿಕ್ಕದಾಯಿತು.

ಮನೆಯೊಳಗಿನ ಸಂಗತಿ ಇದಕ್ಕಿಂತ ಕಷ್ಟವಾಗಿತ್ತು. ನಮ್ಮದು ಗಾಜನೂರು ಕಡೆಯ ಹಳೆಯ ಮನೆ, ಕೆಂಪು ಗಾರೆ ನೆಲ, ಮಳೆಗಾಲದಲ್ಲಿ ಮಂಜುಗಡ್ಡೆಯ ಹಾಗೆ. ಬೆಳಿಗ್ಗೆ ಐದಕ್ಕೆ ಅಡುಗೆಮನೆಯಲ್ಲಿ ಬರಿಗಾಲಲ್ಲಿ ಎರಡು ಗಂಟೆ ನಿಂತು ಬಂದರೆ ಅಂಗಡಿಯ ಶೂ ಏನು ಮಾಡೀತು? ಎಂಸಿಆರ್, ಅಂದರೆ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ತರಬೇಕು ಎಂದಾಗ ಅತ್ತೆ ಮುಖ ಸಣ್ಣದು ಮಾಡಿಕೊಂಡರು. “ಅದು ದೊಡ್ಡ ರೋಗದವರಿಗೆ ಕೊಡ್ತಿದ್ದ ಚಪ್ಪಲಿ ಅಲ್ಲನೇ?” ಅವರ ನೆನಪು ಸುಳ್ಳಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲ್ ಬ್ರಾಂಡ್ ಮತ್ತು ಅವರ ಜೊತೆಗಾರರು, ಸ್ಪರ್ಶವಿಲ್ಲದ ಪಾದಗಳಿಗೆ ಹುಣ್ಣಾಗದಿರಲಿ ಎಂದು ಸಣ್ಣ ಸಣ್ಣ ಗಾಳಿಗೂಡುಗಳಿರುವ ಈ ರಬ್ಬರನ್ನು ಪಾದರಕ್ಷೆಗೆ ಬಳಸುವುದಕ್ಕೆ ಬಹಳ ದುಡಿದವರು. ಆ ನೊಂದ ಪಾದಗಳಿಗಾಗಿ ಮಾಡಿದ್ದು ಇವತ್ತು ನನ್ನ ಕಾಲನ್ನು ಕಾಯುತ್ತಿದೆ ಎಂದು ನೆನೆದಾಗಲೆಲ್ಲ ನನಗೆ ಗೌರವವೇ ಹುಟ್ಟುತ್ತದೆ. ಅತ್ತೆಗೂ ಹಾಗೇ ಹೇಳಿದೆ. ಅವರು ಮಾತಾಡಲಿಲ್ಲ. ಚಪ್ಪಲಿ ಬಂದ ದಿನ ತಾವೇ ಅದನ್ನು ತೊಳೆದು, ಒರೆಸಿ, ಅಡುಗೆಮನೆ ಬಾಗಿಲ ಪಕ್ಕ ಇಟ್ಟು, “ಒಳಗಿನದ್ದು ಒಳಗೇ ಇರ್ಲಿ, ಜಗಲಿ ದಾಟಬಾರದು,” ಅಂದರು. ದೇವರ ಕೋಣೆಯ ಹೊಸ್ತಿಲಲ್ಲಿ ನಾನೇ ಬಿಚ್ಚುತ್ತೇನೆ. ಎಂಸಿಆರ್ ಕೊಳ್ಳುವವರು ಹಿಂದೆ ಪಟ್ಟಿ ಇರುವುದನ್ನೇ ತಗೊಳ್ಳಿ, ಮೆತ್ತನೆಯ ರಬ್ಬರಿನ ಕೆಳಗೆ ಗಟ್ಟಿ ಅಟ್ಟೆ ಇದೆಯೇ ಎಂದು ನೋಡಿ.

ಅಂಗಡಿಯ ಯಜಮಾನರ ಹತ್ತಿರ ಮಾತಾಡಲು ನನಗೆ ಒಂದು ತಿಂಗಳು ಧೈರ್ಯ ಬರಲಿಲ್ಲ. ಕೊನೆಗೆ ಅತ್ತೆಯ ಮಾತನ್ನೇ ಅಲ್ಲಿ ಹೇಳಿದೆ. ರಸ್ತೆ ಮುಟ್ಟದ ಹೊಸ ಶೂ, ಅಂಗಡಿಯಲ್ಲೇ ಇರುತ್ತದೆ, ಒಳಗೆ ಬಂದ ಮೇಲೆ ಹಾಕಿಕೊಳ್ಳುತ್ತೇನೆ. ಗಾದಿಯ ಕೆಲಸ ಬಿಟ್ಟು ಕೆಳಗಿನ ಕೌಂಟರಿಗೆ ಬರುತ್ತೇನೆ ಎಂದೂ ಹೇಳಿದೆ. ರೇಷ್ಮೆ ವಿಭಾಗದ ಕಮಿಷನ್ ಹೋಯಿತು, ಆ ನೋವು ಈಗಲೂ ಇದೆ. ಒಂದು ಸ್ಟೂಲು ಬೇಕು ಎಂದಾಗ ಅವರು ಹಿಂದೆಮುಂದೆ ನೋಡಿದರು. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಜಾಗ ಕೊಡಲೇಬೇಕೆಂದು ಕಾನೂನು ತಿದ್ದಿದ್ದಾರೆ ಎಂದು ಹೇಳಿದೆ. ಜಗಳಕ್ಕಾಗಿ ಹೇಳಿದ್ದಲ್ಲ, ಕೇಳುತ್ತಿರುವುದು ನಾನೊಬ್ಬಳೇ ಅಲ್ಲ ಎಂದು ತಿಳಿಯಲಿ ಎಂದು. ದೀಪಾವಳಿ ಕಳೆದ ಮೇಲೆ ಸ್ಟೂಲು ಬಂತು. ಎಂಥ ಒಳ್ಳೆಯ ಶೂ ಆದರೂ ಗಂಟೆಗೊಮ್ಮೆ ಐದು ನಿಮಿಷ ಕೂರುವುದಕ್ಕೆ ಸಮ ಅಲ್ಲ. ಈಗ ಆ ಸ್ಟೂಲಿನಲ್ಲಿ ನಮ್ಮ ಕೌಂಟರಿನ ಮೂವರೂ ಸರದಿಯಲ್ಲಿ ಕೂರುತ್ತೇವೆ.

ಮಳೆಗಾಲದಲ್ಲಿ ಬಸ್ಸಿಗೆ ಬರುವಾಗ ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್ ಹಾಕುತ್ತೇನೆ. ಅಟ್ಟೆಯ ಗೀರು ಆಳವಾಗಿರಬೇಕು, ನಮ್ಮ ಅಂಗಳದ ಜಂಬಿಟ್ಟಿಗೆ ಮೆಟ್ಟಿಲ ಮೇಲಿನ ಪಾಚಿ ಯಾರನ್ನೂ ಬಿಡುವುದಿಲ್ಲ. ಆಗುಂಬೆ ಕಡೆಯ ತವರಿಗೆ ಹೋದರೆ ಇಂಬಳಕ್ಕೆ ಹೆದರಿ ಉದ್ದ ಸಾಕ್ಸ್ ಬೇರೆ. ಸಾಕ್ಸನ್ನು ನಾನು ಒಳಹೊರಗು ಮಾಡಿ ಹಾಕುತ್ತೇನೆ, ಹೊಲಿಗೆ ಬೆರಳಿಗೆ ಒತ್ತಬಾರದು. ಒಮ್ಮೆ ಒದ್ದೆಯಾದ ಶೂವನ್ನು ಬಚ್ಚಲೊಲೆಯ ಪಕ್ಕ ಇಟ್ಟು ಬೆಳಿಗ್ಗೆ ನೋಡಿದರೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆದಿತ್ತು. ಆಮೇಲಿಂದ ಒಳಗೆ ಹಳೆ ಪೇಪರು ತುರುಕಿ ಫ್ಯಾನಿನ ಕೆಳಗೆ ಇಡುತ್ತೇನೆ.

ಆರು ತಿಂಗಳಿಗೊಮ್ಮೆ ಪಾದ ಬರೆಯುತ್ತೇನೆ, ಹಾಳೆಯ ಮೇಲೆ ತಾರೀಕು ಹಾಕಿ ಸೀರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಈಗ ಏಳು ಹಾಳೆಗಳಿವೆ. ಕೊನೆಯದರಲ್ಲಿ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ಸ್ವಲ್ಪ ವಾಲಿದೆ. ಅದನ್ನು ಡಾಕ್ಟರಿಗೆ ತೋರಿಸಿ ಆಯಿತು. ನಿನ್ನೆ ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದೆ. ಬಲಗಾಲಿನದ್ದು ಒಳಕ್ಕೆ ವಾಲಿ ನಿಂತಿದೆ, ಹಿಮ್ಮಡಿಯ ಗೋಡೆ ಕುಸಿದಿದೆ. ಹನ್ನೊಂದು ತಿಂಗಳು ಬಂತು. ಶನಿವಾರ ಸಂಜೆ ಆರಕ್ಕೆ ಹೊಸ ಕಾಗದ ಕತ್ತರಿಸಿಕೊಂಡು ಮತ್ತೆ ನೆಹರೂ ರಸ್ತೆಗೆ ಹೋಗಬೇಕು.