ಕನ್ನಡ ಕಾಲಂನಲ್ಲಿ ಬಿಳಿ ಕಂಡಿ ಬೀಳದಂತೆ ಜಸ್ಟಿಫೈ ಮಾಡುವುದು ಹೇಗೆ?

ಎರಡೂ ಅಂಚು ನೆಟ್ಟಗೆ ಬರಲಿ ಎಂದು ಜಸ್ಟಿಫೈ ಒತ್ತುತ್ತೇವೆ. ಅಂಚೇನೋ ನೆಟ್ಟಗಾಗುತ್ತದೆ. ಆದರೆ ಸಾಲಿನೊಳಗೆ ಪದಗಳು ಮುನಿಸಿಕೊಂಡವರ ಹಾಗೆ ದೂರ ದೂರ ನಿಲ್ಲುತ್ತವೆ. ಕನ್ನಡದಲ್ಲಿ ಈ ಕಾಟ ಜಾಸ್ತಿ. ‘ಮಾಡಬೇಕಾಗಿರುವುದರಿಂದ’ ಎಂಬ ಒಂದೇ ಪದ ಸಣ್ಣ ಕಾಲಂನ ಅರ್ಧ ಸಾಲು ನುಂಗುತ್ತದೆ ಅಲ್ವಾ? ಅದು ಹಿಡಿಯದೆ ಕೆಳಗಿಳಿದರೆ, ಮೇಲೆ ಉಳಿದ ಜಾಗವೆಲ್ಲ ಒಂದೆರಡು ಪದಗಳ ನಡುವೆ ಬಂದು ಕೂರುತ್ತದೆ.

ಪುಟವಿನ್ಯಾಸಕ್ಕೆ ಅಡೋಬಿ ಇನ್‌ಡಿಸೈನ್ ಸಾಫ್ಟ್‌ವೇರ್ ಬಳಸುವವರು ಹೀಗೆ ಮಾಡಿ.

1. ಮೊದಲು ಕಂಪೋಸರ್ ನೋಡಿ, ಅಂದರೆ ಸಾಲು ಎಲ್ಲಿ ಮುರಿಯಬೇಕೆಂದು ತೀರ್ಮಾನಿಸುವ ವ್ಯವಸ್ಥೆ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಯೂನಿಕೋಡ್ ಕನ್ನಡದ ಒತ್ತಕ್ಷರ, ಕಾಗುಣಿತ ಸರಿಯಾಗಿ ಕೂಡುವುದು ಇದರಿಂದಲೇ. ‘ಸಿಂಗಲ್-ಲೈನ್’ ಬೇಡ. ಅದು ಒಂದೊಂದೇ ಸಾಲು ನೋಡಿ ಮುಂದೆ ಹೋಗುತ್ತದೆ. ಪ್ಯಾರಾಗ್ರಾಫ್ ಕಂಪೋಸರ್ ಇಡೀ ಪ್ಯಾರಾ ಅಳೆದು, ಕೆಳಗಿನ ಸಾಲು ಹಾಳಾಗುವಂತಿದ್ದರೆ ಮೇಲಿನದನ್ನೇ ಬದಲಿಸುತ್ತದೆ.

2. ಕ್ಯಾರೆಕ್ಟರ್ ಪ್ಯಾನೆಲ್‌ನಲ್ಲಿ ಭಾಷೆ ‘ಕನ್ನಡ’ ಎಂದಿರಲಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ‘ಹೈಫನೇಟ್’ ಆನ್ ಇರಲಿ. ಉದ್ದ ಪದ ಒಡೆಯಲು ಬಿಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಹಳೆಯ ಆಸ್ಕಿ ಫಾಂಟಿನ ಪಠ್ಯವಾದರೆ ಮಾತ್ರ ಹೈಫನೇಟ್ ಆಫ್ ಮಾಡಿ. ಅದರ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಸಾಫ್ಟ್‌ವೇರ್ ಎಲ್ಲೆಂದರಲ್ಲಿ ಕಡಿದು ಒತ್ತಕ್ಷರವನ್ನು ಮುಂದಿನ ಸಾಲಿಗೆ ತಳ್ಳಬಹುದು.

3. ಈಗ ಅಂಕಿಗಳು. ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆ ಜೆ ಒತ್ತಿದರೆ ‘ಜಸ್ಟಿಫಿಕೇಶನ್’ ಕಿಟಕಿ ತೆರೆಯುತ್ತದೆ. ವರ್ಡ್ ಸ್ಪೇಸಿಂಗ್ (ಪದಗಳ ನಡುವಿನ ಜಾಗ, ಶೇಕಡಾ ಲೆಕ್ಕದಲ್ಲಿ) ಮೊದಲೇ 80, 100, 133 ಎಂದಿರುತ್ತದೆ: ಕನಿಷ್ಠ, ಬಯಸಿದ್ದು, ಗರಿಷ್ಠ. ಕನ್ನಡಕ್ಕೆ 75, 100, 150 ಇಟ್ಟು ನೋಡಿ. ಗರಿಷ್ಠ ಎಂದರೆ ಅಲ್ಲಿಗೇ ನಿಲ್ಲುತ್ತದೆ ಎಂದಲ್ಲ. ಬೇರೆ ದಾರಿಯಿಲ್ಲದಿದ್ದರೆ ಸಾಫ್ಟ್‌ವೇರ್ ಅದನ್ನೂ ದಾಟುತ್ತದೆ. ಗ್ಲಿಫ್ ಸ್ಕೇಲಿಂಗ್‌ಗೆ (ಅಕ್ಷರದ ಅಗಲಕ್ಕೆ) 98, 100, 102 ಕೊಡಿ; ಇಷ್ಟು ಹಿಗ್ಗು-ಕುಗ್ಗು ಓದುಗರ ಕಣ್ಣಿಗೆ ಬೀಳುವುದಿಲ್ಲ. ಲೆಟರ್ ಸ್ಪೇಸಿಂಗ್ ಮೂರೂ ಕಡೆ ಸೊನ್ನೆಯೇ ಇರಲಿ. ನನ್ನ ಮಟ್ಟಿಗೆ ಇದು ಖಡಾಖಂಡಿತ. ಅಕ್ಷರ ಬಿಡಿಸಿಟ್ಟ ಕನ್ನಡ ಓದುವುದು ಹಿಂಸೆ, ಆಸ್ಕಿ ಫಾಂಟಿನಲ್ಲಂತೂ ಒತ್ತು, ದೀರ್ಘಗಳೇ ಬೇರೆಯಾಗಿ ನಿಲ್ಲುತ್ತವೆ.

4. ಅದೇ ಕಿಟಕಿಯಲ್ಲಿ ‘ಸಿಂಗಲ್ ವರ್ಡ್ ಜಸ್ಟಿಫಿಕೇಶನ್’ ಇದೆ. ಅದನ್ನು ‘ಅಲೈನ್ ಲೆಫ್ಟ್’ ಮಾಡಿ. ಇಲ್ಲವಾದರೆ ಸಾಲಿನಲ್ಲಿ ಒಂದೇ ಪದ ಉಳಿದಾಗ ಅದನ್ನು ಎಳೆದೆಳೆದು ಅಂಚಿಗೆ ತಾಗಿಸುತ್ತದೆ.

5. ಪ್ರಿಫರೆನ್ಸಸ್‌ನ ಕಂಪೋಸಿಶನ್‌ನಲ್ಲಿ ‘ಎಚ್ ಆಂಡ್ ಜೆ ವಯಲೇಶನ್ಸ್’ (ಹೈಫನೇಶನ್, ಜಸ್ಟಿಫಿಕೇಶನ್ ಮಿತಿ ಮೀರಿದ್ದು) ಟಿಕ್ ಮಾಡಿ. ಮಿತಿ ಮೀರಿದ ಸಾಲುಗಳು ಹಳದಿಯಾಗುತ್ತವೆ. ಬಣ್ಣ ಗಾಢವಾದಷ್ಟೂ ತೊಂದರೆ ಹೆಚ್ಚು. ಅಂಥ ಕಡೆ ಶಿಫ್ಟ್-ಎಂಟರ್ ಒತ್ತಿ ಸಾಲು ಮುರಿಯಬೇಡಿ, ಆ ಸಾಲು ಇನ್ನಷ್ಟು ಹಿಗ್ಗುತ್ತದೆ. ಒಂದು ಪದ ಬದಲಿಸಲು ಬರಹಗಾರರನ್ನು ಕೇಳುವುದೇ ಎಷ್ಟೋ ಸಲ ಸಲೀಸು.

ಇಷ್ಟಾದರೂ ಪುಟವೆಲ್ಲ ಹಳದಿಯೇ? ಹಾಗಾದರೆ ಕಾಲಂ ಕಿರಿದಾಯಿತು ಎಂದರ್ಥ. ಸಾಲಿಗೆ ಎರಡು-ಮೂರೇ ಪದ ಹಿಡಿಯುವ ಕಡೆ ಯಾವ ಅಂಕಿಯೂ ಕೆಲಸಕ್ಕೆ ಬರುವುದಿಲ್ಲ. ಕಾಲಂ ಅಗಲ ಮಾಡಿ, ಅಕ್ಷರ ಅರ್ಧ ಪಾಯಿಂಟ್ ಇಳಿಸಿ, ಅದೂ ಆಗದಿದ್ದರೆ ಸುಮ್ನೆ ಎಡಕ್ಕೆ ಹೊಂದಿಸಿಬಿಡಿ. ಚಿತ್ರಶೀರ್ಷಿಕೆ, ಬಾಕ್ಸ್ ಐಟಂಗಳಿಗೆ ನಾನಂತೂ ಮೊದಲಿನಿಂದಲೇ ಹಾಗೆ ಮಾಡುತ್ತೇನೆ.